ನಾಳೆಯ ಹವಾಮಾನವನ್ನು ಮೊದಲು ಹೇಳಿದವನು: ಕ್ಯಾಪ್ಟನ್ ಫಿಟ್ಜ್‌ರಾಯ್

ನ್ಯೂಸ್ ಮುಗಿಯುವ ಹೊತ್ತಿಗೆ ಟಿವಿಯಲ್ಲಿ ಒಂದು ಮ್ಯಾಪ್ ಬರುತ್ತೆ. ಅದರ ಮುಂದೆ ಒಬ್ಬರು ನಿಂತು, ಕೈ ಆಡಿಸ್ತಾ, ಕರಾವಳಿಗೆ ಭಾರಿ ಮಳೆ, ಮಲೆನಾಡಿಗೆ ಸಾಧಾರಣ ಮಳೆ, ಬಳ್ಳಾರಿಗೆ ಯಥಾಪ್ರಕಾರ ಬಿಸಿಲು ಅಂತ ಹೇಳಿ ಹೋಗ್ತಾರೆ. ಅಬ್ಬಬ್ಬಾ ಅಂದ್ರೆ ಎರಡು ನಿಮಿಷ. ಅಷ್ಟರಲ್ಲಿ ಎಷ್ಟು ಕೆಲಸ ನಡೆಯುತ್ತೆ ನೋಡ್ರಿ. ರಾಜ್ಯವನ್ನು ನಾಲ್ಕೈದು ಭಾಗ ಮಾಡ್ತಾರೆ. ಮಳೆಗೆ ಒಂದು ಚಿತ್ರ, ಗುಡುಗಿಗೆ ಒಂದು ಚಿತ್ರ ಇಡ್ತಾರೆ. ಅಪಾಯ ಎಷ್ಟು ಅನ್ನೋದನ್ನ ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಹೇಳ್ತಾರೆ. ಸ್ಟುಡಿಯೋದಲ್ಲಿ ನಿಂತವರ ಹಿಂದೆ ಬಹಳ ಸಲ ಮ್ಯಾಪೇ ಇರಲ್ಲ, ಖಾಲಿ ಹಸಿರು ಪರದೆ ಇರುತ್ತೆ. ಅವರು ಪಕ್ಕದ ಮಾನಿಟರ್ ನೋಡ್ಕೊಂಡು ಇಲ್ಲದ ಬಳ್ಳಾರಿಯ ಮೇಲೆ ಕರೆಕ್ಟಾಗಿ ಕೈ ಇಡ್ತಾರೆ.

ಇದನ್ನೆಲ್ಲ ಟಿವಿಯವರು ಕಂಡುಹಿಡಿದದ್ದು ಅಂತ ನಾವು ಅಂದ್ಕೋತೀವಿ. ಆದರೆ ಇದರ ಮೂಲ ಟಿವಿ, ರೇಡಿಯೋ ಎರಡೂ ಇಲ್ಲದ ಕಾಲದಲ್ಲಿದೆ. ನಾಳೆಯ ಹವಾಮಾನವನ್ನು ಲೆಕ್ಕ ಹಾಕಿ, ಅದನ್ನು ಸಾಮಾನ್ಯ ಜನರಿಗೆ ಅರ್ಥ ಆಗೋ ಹಾಗೆ ದಿನಾ ಹೇಳಬೇಕು ಅಂತ ಹಠ ಹಿಡಿದವನು ಒಬ್ಬ ಹಡಗಿನ ಕ್ಯಾಪ್ಟನ್. ಹೆಸರು ರಾಬರ್ಟ್ ಫಿಟ್ಜ್‌ರಾಯ್. ಬಯಾಲಜಿ ಓದಿದವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತಿರಬಹುದು. ಚಾರ್ಲ್ಸ್ ಡಾರ್ವಿನ್‌ನನ್ನು ಬೀಗಲ್ ಹಡಗಿನಲ್ಲಿ ಪ್ರಪಂಚ ಸುತ್ತಿಸಿದ ಕ್ಯಾಪ್ಟನ್ ಇವನೇ.

ಫಿಟ್ಜ್‌ರಾಯ್ ಹುಟ್ಟಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೋಕ್ ಎಂಬಲ್ಲಿ. ದೊಡ್ಡ ಮನೆತನ, ರಾಜ ಎರಡನೇ ಚಾರ್ಲ್ಸ್‌ನ ವಂಶ. ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡಳು. 12 ವರ್ಷಕ್ಕೆ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜು ಸೇರಿದ. ಅಲ್ಲಿಂದ ಹೊರಬೀಳುವಾಗ ಪರೀಕ್ಷೆಯಲ್ಲಿ ಪೂರ್ತಿ ಅಂಕ ತಗೊಂಡಿದ್ದ. ಅಲ್ಲಿಯವರೆಗೆ ಯಾರೂ ಹಾಗೆ ತಗೊಂಡಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಔಟ್ ಆಫ್ ಔಟ್.

1828ರಲ್ಲಿ ಬೀಗಲ್ ಹಡಗು ದಕ್ಷಿಣ ಅಮೆರಿಕದ ತುದಿಯಲ್ಲಿ ಸರ್ವೇ ಕೆಲಸ ಮಾಡ್ತಿತ್ತು. ಕೊರೆಯುವ ಚಳಿ, ಬಿರುಗಾಳಿ, ಒಂಟಿತನ ತಡೆಯಲಾಗದೆ ಅದರ ಕ್ಯಾಪ್ಟನ್ ಜೀವ ಕಳೆದುಕೊಂಡಿದ್ದ. ಆ ಜಾಗಕ್ಕೆ ಫಿಟ್ಜ್‌ರಾಯ್ ಬಂದ. ಆಗ ವಯಸ್ಸು 23, ಅಂದ್ರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳಿಗಿಂತ ಒಂದೆರಡು ವರ್ಷ ಜಾಸ್ತಿ ಅಷ್ಟೇ.

ಕ್ಯಾಪ್ಟನ್ ಆಗಿ ಸ್ವಲ್ಪ ದಿನಕ್ಕೇ, 1829ರ ಜನವರಿ ಕೊನೆಯಲ್ಲಿ, ಈಗಿನ ಉರುಗ್ವೆ ದೇಶದ ಮಾಲ್ಡೊನಾಡೊ ಹತ್ತಿರ ಒಂದು ದಿಢೀರ್ ಬಿರುಗಾಳಿ ಬೀಗಲ್ ಮೇಲೆ ಬಿತ್ತು. ಅಲ್ಲಿಯವರು ಅದನ್ನು ಪಂಪೇರೊ ಅಂತಾರೆ. ಬೀಸುವುದಕ್ಕೆ ಮೊದಲೇ ಬ್ಯಾರೊಮೀಟರ್‌ನಲ್ಲಿ ಒತ್ತಡ ಇಳಿದಿತ್ತು, ಆಕಾಶದಲ್ಲೂ ಲಕ್ಷಣ ಇತ್ತು. ಆದರೆ ಹೊಸ ಕ್ಯಾಪ್ಟನ್ ಹಾಯಿ ಇಳಿಸೋದಕ್ಕೆ ತಡ ಮಾಡಿದ. ಹಡಗು ಪಕ್ಕಕ್ಕೆ ವಾಲಿತು, ಹಾಯಿಕಂಬ ಮುರಿದವು, ಇಬ್ಬರು ನಾವಿಕರು ಸತ್ತರು. ಮೀಟರ್ ಸರಿಯಾಗೇ ತೋರಿಸಿತ್ತು, ಅದನ್ನು ಗಂಭೀರವಾಗಿ ತಗೊಂಡಿರಲಿಲ್ಲ. ಆ ಇಬ್ಬರ ಸಾವನ್ನು ಅವನು ಜೀವನಪೂರ್ತಿ ಮರೆಯಲಿಲ್ಲ.

ಎರಡನೇ ಪ್ರಯಾಣ 1831ರ ಡಿಸೆಂಬರ್ 27ಕ್ಕೆ ಹೊರಟಿತು. ಒಂಟಿತನ ಕ್ಯಾಪ್ಟನ್‌ಗಳನ್ನು ಏನು ಮಾಡುತ್ತೆ ಅಂತ ಗೊತ್ತಿದ್ದರಿಂದ, ಊಟಕ್ಕೆ ಕೂತು ಮಾತಾಡೋದಕ್ಕೆ ಒಬ್ಬ ಓದಿದ ಜೊತೆಗಾರ ಬೇಕು ಅಂತ ಫಿಟ್ಜ್‌ರಾಯ್ ಕೇಳಿದ್ದ. ಹಾಗೆ ಬಂದವನು 22 ವರ್ಷದ ಡಾರ್ವಿನ್. ಒಂದು ತಮಾಷೆ ಕೇಳಿ: ಮುಖ ನೋಡಿ ಗುಣ ಹೇಳಬಹುದು ಅನ್ನೋ ನಂಬಿಕೆ ಫಿಟ್ಜ್‌ರಾಯ್‌ಗೆ ಇತ್ತು. ಡಾರ್ವಿನ್ ಮೂಗು ನೋಡಿ, ಇವನಿಗೆ ಇಷ್ಟು ದೊಡ್ಡ ಪ್ರಯಾಣ ತಡೆಯೋ ಶಕ್ತಿ ಇಲ್ಲ ಅಂತ ರಿಜೆಕ್ಟ್ ಮಾಡೋದಿದ್ದನಂತೆ. ಪುಣ್ಯಕ್ಕೆ ಮಾಡಲಿಲ್ಲ. ಹಡಗಿನಲ್ಲಿ 22 ಕ್ರೊನೊಮೀಟರ್ ಗಡಿಯಾರ ಇದ್ದವು. ಗಾಳಿಯ ಜೋರನ್ನು 0ಯಿಂದ 12ರವರೆಗೆ ಅಂಕಿಯಲ್ಲಿ ಬರೆಯುವ ಬೋಫರ್ಟ್ ಸ್ಕೇಲ್ ಅನ್ನು ಅಧಿಕೃತವಾಗಿ ಮೊದಲು ಬಳಸಿದ್ದೂ ಈ ಪ್ರಯಾಣದಲ್ಲೇ. 1836ರ ಅಕ್ಟೋಬರ್ 2ಕ್ಕೆ ವಾಪಸ್ ಬಂದರು. ಆ ಐದು ವರ್ಷದ ಪ್ರಯಾಣದಿಂದ ಡಾರ್ವಿನ್ ಜಗತ್ಪ್ರಸಿದ್ಧ ಆದ. ಫಿಟ್ಜ್‌ರಾಯ್ ಮಾಡಿದ ಕರಾವಳಿ ನಕ್ಷೆಗಳು ಮುಂದೆ ಬಹಳ ಕಾಲ ನಾವಿಕರ ಕೈಯಲ್ಲಿದ್ದವು. ಆದರೆ ನಕ್ಷೆ ಬಳಸೋರು ಅದನ್ನು ಬರೆದವರ ಹೆಸರು ಎಲ್ಲಿ ನೋಡ್ತಾರೆ?

ಆಮೇಲೆ ಅವನು ಪಾರ್ಲಿಮೆಂಟ್ ಮೆಂಬರ್ ಆದ. 1843ರಲ್ಲಿ ನ್ಯೂಜಿಲೆಂಡ್ ಗವರ್ನರ್ ಆದ. ಅಲ್ಲಿ ಬ್ರಿಟಿಷ್ ವಲಸಿಗರಿಗೂ ಸ್ಥಳೀಯ ಮಾವೊರಿ ಜನರಿಗೂ ಜಮೀನಿನ ವಿಷಯಕ್ಕೆ ಹೊಡೆದಾಟ ಆಗಿ ಜನ ಸತ್ತಿದ್ದರು. ತಪ್ಪು ವಲಸಿಗರದ್ದೇ ಅಂತ ಫಿಟ್ಜ್‌ರಾಯ್ ತೀರ್ಮಾನ ಕೊಟ್ಟ. ತನ್ನವರೇ ತಿರುಗಿಬಿದ್ದರು, 1845ರಲ್ಲಿ ಸರ್ಕಾರ ಅವನನ್ನು ವಾಪಸ್ ಕರೆಸಿಕೊಂಡಿತು. ತನಗೆ ಸರಿ ಕಂಡದ್ದನ್ನು ಹೇಳಿ ಬೈಸಿಕೊಳ್ಳೋದು ಅವನಿಗೆ ಇದೇ ಕೊನೆ ಸಲ ಆಗಿರಲಿಲ್ಲ.

ನಿಜವಾದ ಕಥೆ ಶುರು ಆಗೋದು 1854ರಲ್ಲಿ. ಬ್ರಿಟನ್ ಸರ್ಕಾರ ವ್ಯಾಪಾರ ಮಂಡಳಿಯ ಕೆಳಗೆ ಒಂದು ಸಣ್ಣ ಹವಾಮಾನ ಕಚೇರಿ ತೆರೆದು ಫಿಟ್ಜ್‌ರಾಯ್‌ನನ್ನು ಕೂರಿಸಿತು. ಸಿಬ್ಬಂದಿ ಮೂರು ನಾಲ್ಕು ಜನ. ಕೆಲಸ ಏನಪ್ಪಾ ಅಂದ್ರೆ, ಹಡಗುಗಳಿಂದ ಗಾಳಿ, ಒತ್ತಡ, ತಾಪಮಾನದ ಲೆಕ್ಕ ತರಿಸಿ ಟೇಬಲ್ ಮಾಡಿ ಇಡೋದು. ಅಷ್ಟೇ. ನಾಳೆ ಏನಾಗುತ್ತೆ ಅಂತ ಹೇಳು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಅಂಥ ಕೆಲಸವನ್ನು ಪಂಚಾಂಗದವರು, ಶಕುನದವರು ಮಾಡ್ತಾರೆ, ವಿಜ್ಞಾನಿಗಳಲ್ಲ ಅನ್ನೋ ಕಾಲ ಅದು.

ಆದರೆ ಇವನಿಗೆ ಡೇಟಾ ಫೈಲಿನಲ್ಲಿ ಮಲಗೋದು ಇಷ್ಟ ಇರಲಿಲ್ಲ. ಮೊದಲು ಬಡ ಮೀನುಗಾರರ ಊರುಗಳಿಗೆ ಗಟ್ಟಿಮುಟ್ಟಾದ ಬ್ಯಾರೊಮೀಟರ್ ಕೊಡಿಸೋಕೆ ಶುರು ಮಾಡಿದ. ಬಂದರಿನಲ್ಲಿ ಎಲ್ಲರಿಗೂ ಕಾಣೋ ಜಾಗದಲ್ಲಿ ಅದನ್ನು ಇಡಿಸಿದ. ಆ ಕಾಲದ ಬ್ಯಾರೊಮೀಟರ್ ಮೇಲೆ ಮಳೆ, ಬದಲಾವಣೆ, ಒಣಹವೆ ಅಂತ ಪದ ಬರೆದಿರ್ತಿತ್ತು. ಮುಳ್ಳು ಯಾವ ಪದದ ಮೇಲಿದೆ ಅನ್ನೋದು ಮುಖ್ಯ ಅಲ್ಲ, ಏರ್ತಿದೆಯಾ ಇಳೀತಿದೆಯಾ, ಎಷ್ಟು ಬೇಗ ಇಳೀತಿದೆ ಅನ್ನೋದು ಮುಖ್ಯ ಅಂತ ಅವನು ಸರಳ ಸೂಚನೆ ಬರೆದು ಹಂಚಿದ. ಮ್ಯಾಥ್ಸ್ ಭಾಷೆಯಲ್ಲಿ ವ್ಯಾಲ್ಯೂ ಅಲ್ಲ, ಡೆರಿವೇಟಿವ್ ನೋಡಿ ಅಂತ. ಶಾಲೆಗೆ ಹೋಗದ ಮೀನುಗಾರನಿಗೆ ಡೆರಿವೇಟಿವ್ ಕಲಿಸಿದ ಮನುಷ್ಯ!

1859ರ ಅಕ್ಟೋಬರ್ 25 ಮತ್ತು 26. ಆಸ್ಟ್ರೇಲಿಯಾದಿಂದ ಚಿನ್ನ, ಪ್ರಯಾಣಿಕರನ್ನು ತುಂಬಿಕೊಂಡು ಬಂದ ರಾಯಲ್ ಚಾರ್ಟರ್ ಎಂಬ ಹಡಗು ಲಿವರ್‌ಪೂಲ್ ಬಂದರಿಗೆ ಇನ್ನೇನು ಸೇರಬೇಕು, ಅಷ್ಟರಲ್ಲಿ ವೇಲ್ಸ್ ತೀರದ ಆಂಗಲ್ಸೀ ದ್ವೀಪದ ಬಂಡೆಗಳಿಗೆ ಬಡಿದು ಚೂರಾಯಿತು. ಸುಮಾರು 450 ಜನ ಸತ್ತರು. ಮನೆ ಕಾಣೋ ದೂರದಲ್ಲಿ. ಅದೇ ಬಿರುಗಾಳಿಗೆ ಆ ಎರಡು ದಿನದಲ್ಲಿ ಬ್ರಿಟನ್ ಸುತ್ತ ನೂರಕ್ಕೂ ಹೆಚ್ಚು ಹಡಗು ಮುಳುಗಿದವು.

ಫಿಟ್ಜ್‌ರಾಯ್ ಆ ಬಿರುಗಾಳಿಯ ಎಲ್ಲ ದಾಖಲೆ ತರಿಸಿದ. ಯಾವ ಊರಲ್ಲಿ ಯಾವ ಹೊತ್ತಿಗೆ ಗಾಳಿ ಯಾವ ಕಡೆಯಿಂದ ಬೀಸಿತು ಅಂತ ಮ್ಯಾಪ್ ಮೇಲೆ ಗುರುತು ಹಾಕಿದ. ಬಿರುಗಾಳಿ ಒಂದೇ ಸಲ ಎಲ್ಲಾ ಕಡೆ ಹುಟ್ಟಿರಲಿಲ್ಲ. ಅದು ಸುತ್ತುತ್ತಾ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡ್ಕೊಂಡು ಬಂದಿತ್ತು. ಅಂದ್ರೆ ಮುಂದಿನ ಊರಿಗೆ ಕೆಲವು ಗಂಟೆ ಟೈಮ್ ಇತ್ತು. ಆ ಹೊತ್ತಿಗೆ ಬ್ರಿಟನ್ ತುಂಬಾ ಟೆಲಿಗ್ರಾಫ್ ತಂತಿ ಎಳೆದಿದ್ದರು. ಬಿರುಗಾಳಿಗಿಂತ ತಂತಿಯ ಸಂದೇಶ ವೇಗವಾಗಿ ಹೋಗುತ್ತೆ. ಇಷ್ಟು ಹೊಳೆದ ಮೇಲೆ ಅವನು ಸುಮ್ಮನೆ ಕೂರಲಿಲ್ಲ.

ಸುಮಾರು 15 ಕರಾವಳಿ ಊರುಗಳಿಂದ ಪ್ರತಿದಿನ ಬೆಳಿಗ್ಗೆ ಒತ್ತಡ, ತಾಪಮಾನ, ಗಾಳಿಯ ಅಳತೆ ತಂತಿಯಲ್ಲಿ ಲಂಡನ್‌ಗೆ ಬರೋ ಹಾಗೆ ಮಾಡಿದ. ಅಪಾಯ ಕಂಡ್ರೆ ಬಂದರುಗಳಿಗೆ ವಾಪಸ್ ತಂತಿ. ಸರಿ, ಬಂದರಿಗೆ ಸುದ್ದಿ ಬಂತು. ಅಲ್ಲಿಂದ ಸಮುದ್ರದ ಮೇಲಿರೋ ದೋಣಿಗೆ ಹೇಗೆ ಹೇಳೋದು? ಮೈಕ್ ಇಲ್ಲ, ವೈರ್‌ಲೆಸ್ ಇಲ್ಲ, ನೋಡೋರಲ್ಲಿ ಎಷ್ಟೋ ಜನಕ್ಕೆ ಓದೋಕೆ ಬರಲ್ಲ.

ಇಲ್ಲಿ ಅವನು ಮಾಡಿದ್ದು ಶುದ್ಧ ಇಂಜಿನಿಯರಿಂಗ್. ಎತ್ತರದ ಕಂಬಕ್ಕೆ ಕಪ್ಪು ಕ್ಯಾನ್ವಾಸಿನ ಕೋನ್ ಮತ್ತು ಡ್ರಮ್ ಏರಿಸೋದು. ಕೋನ್ ತುದಿ ಮೇಲಿದ್ರೆ ಬಿರುಗಾಳಿ ಉತ್ತರದಿಂದ, ತುದಿ ಕೆಳಗಿದ್ರೆ ದಕ್ಷಿಣದಿಂದ. ಡ್ರಮ್ ಒಂದೇ ಇದ್ರೆ ಒಂದರ ಹಿಂದೆ ಒಂದು ಗಾಳಿ. ಎರಡೂ ಇದ್ರೆ ಭಾರಿ ಅಪಾಯ. ರಾತ್ರಿ ಅದೇ ಆಕಾರದಲ್ಲಿ ಲಾಟೀನು ನೇತು ಹಾಕೋದು. ಬಾವುಟ ಯಾಕೆ ಬೇಡ? ಬಾವುಟ ಗಾಳಿ ಇಲ್ಲದಿದ್ರೆ ಜೋತು ಬೀಳುತ್ತೆ, ಪಕ್ಕದಿಂದ ನೋಡಿದ್ರೆ ಗೆರೆ ತರ ಕಾಣುತ್ತೆ, ದೂರದಿಂದ ಬಣ್ಣ ಗೊತ್ತಾಗಲ್ಲ. ಕೋನ್ ಹಾಗಲ್ಲ. ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸಿನಲ್ಲಿ ನೆಟ್ಟಗೆ ನಿಂತ ಕೋನ್‌ನ ಫ್ರಂಟ್ ವ್ಯೂ ಹಾಕಿದ್ದು ನೆನಪಿದೆಯಾ? ಸುತ್ತ ಯಾವ ದಿಕ್ಕಿನಿಂದ ನೋಡಿದ್ರೂ ತ್ರಿಕೋನವೇ. ಅಷ್ಟೇ ಎತ್ತರ, ಅಷ್ಟೇ ಅಗಲದ ಡ್ರಮ್ ಯಾವ ಕಡೆಯಿಂದ ನೋಡಿದ್ರೂ ಚೌಕವೇ. ಅಲೆಗಳ ಮಧ್ಯೆ ಅಲ್ಲಾಡ್ತಿರೋ ದೋಣಿಯವನಿಗೆ ಒಂದು ಕ್ಷಣ ಸಿಕ್ಕರೂ ಸಾಕು.

1861ರ ಫೆಬ್ರವರಿಯಲ್ಲಿ ಈ ಎಚ್ಚರಿಕೆ ಶುರುವಾಯಿತು. ಇದು ಹಳೇ ಕಥೆ ಅಂದ್ಕೋಬೇಡಿ. ನಮ್ಮ ಬಳ್ಳಾರಿಯಲ್ಲಿ ಮನೆಮನೆಯಲ್ಲೂ ತೆಲುಗು ಚಾನೆಲ್ ಓಡುತ್ತಲ್ಲ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದಾಗ ಆ ಬಂದರಿನಲ್ಲಿ ಇಷ್ಟನೇ ನಂಬರ್ ಎಚ್ಚರಿಕೆ ಅಂತ ಬರೋದನ್ನ ನೀವು ಕೇಳಿರ್ತೀರಿ. ಭಾರತದ ಬಂದರುಗಳಲ್ಲಿ ಆ ನಂಬರಿಗೆ ತಕ್ಕ ಹಾಗೆ ಕಂಬಕ್ಕೆ ಏರಿಸೋ ಗುರುತುಗಳು ಕೋನ್ ಮತ್ತು ಸಿಲಿಂಡರ್. ರಾತ್ರಿಗೆ ಕೆಂಪು, ಬಿಳಿ ದೀಪ. ಸಮುದ್ರವೇ ಇಲ್ಲದ ನಮ್ಮೂರಿನ ಟಿವಿಗೂ ಫಿಟ್ಜ್‌ರಾಯ್‌ನ ಕೋನ್ ಹೀಗೆ ಬಂದು ಮುಟ್ಟಿದೆ.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಬಿರುಗಾಳಿ ಇದ್ದಾಗ ಮಾತ್ರ ಯಾಕೆ, ದಿನಾ ಯಾಕೆ ಹೇಳಬಾರದು? 1861ರ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಮೊದಲ ಸಾರ್ವಜನಿಕ ಹವಾಮಾನ ಮುನ್ಸೂಚನೆ ಅಚ್ಚಾಯಿತು. ದೇಶವನ್ನು ದಿಕ್ಕಿನ ಮೇಲೆ ಕೆಲವು ಭಾಗ ಮಾಡಿ, ಒಂದೊಂದು ಭಾಗಕ್ಕೆ ಗಾಳಿ ಎಷ್ಟು, ಯಾವ ಕಡೆಯಿಂದ, ಹವೆ ಹೇಗೆ ಅಂತ ನಾಲ್ಕೈದು ಪದ ಮಾತ್ರ. ಉದ್ದ ವಿವರಣೆ ಇಲ್ಲ, ಪ್ರತಿದಿನ ಅದೇ ಕ್ರಮ. ಟಿವಿಯವರು ಈಗ ಮಾಡೋದೂ ಇದೇ ಅಲ್ವಾ? ಜಾಗ ಹಂಚು, ಪದ ಕಮ್ಮಿ ಮಾಡು, ದಿನಾ ಒಂದೇ ರೀತಿ ಹೇಳು. ನೋಡೋನು ತನ್ನ ಊರಿಗೆ ಸಂಬಂಧಿಸಿದ್ದನ್ನ ಹುಡುಕೋದಕ್ಕೆ ಕಷ್ಟಪಡಬಾರದು.

ಅಂದಹಾಗೆ ಈ ಜಾಗ ಹಂಚೋ ವಿಷಯದಲ್ಲಿ ನಮಗೇ ಒಂದು ಪಾಠ ಇದೆ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಅಂತ ಮೂರು ಮಾಡಿದೆ. ನಮ್ಮ ಬಳ್ಳಾರಿ ಯಾವುದರಲ್ಲಿ? ನಮ್ಮ ಮಾತು, ರೊಟ್ಟಿ, ಬಿಸಿಲು ಎಲ್ಲಾ ನೋಡಿ ಉತ್ತರ ಅಂತೀರಿ. ಇಲಾಖೆಯ ಪಟ್ಟಿಯಲ್ಲಿ ನಾವು ದಕ್ಷಿಣ ಒಳನಾಡು. ಉತ್ತರ ಒಳನಾಡಿಗೆ ಮಳೆ ಅಂತ ಟಿವಿ ಹೇಳಿದ್ರೆ ಸಿರುಗುಪ್ಪದ ರೈತ ಅದು ತನಗೇ ಹೇಳಿದ್ದು ಅಂದ್ಕೊಳ್ಳೋ ಚಾನ್ಸ್ ಇದೆ. ಲೆಕ್ಕ ಪೂರ್ತಿ ಸರಿ ಇದ್ರೂ ಸುದ್ದಿ ತಪ್ಪು ಮನೆಗೆ ಹೋಗಬಹುದು.

ಫಿಟ್ಜ್‌ರಾಯ್ ಪದಗಳ ಬಗ್ಗೆ ಬಹಳ ಹುಷಾರಾಗಿದ್ದ. ತಾನು ಹೇಳೋದು ಭವಿಷ್ಯವಾಣಿ ಅಲ್ಲ ಅಂತ ತೋರಿಸೋದಕ್ಕೇ ಫೋರ್‌ಕಾಸ್ಟ್ ಅನ್ನೋ ಪದವನ್ನು ಹವಾಮಾನಕ್ಕೆ ತಂದವನು ಅವನೇ. ಕನ್ನಡದಲ್ಲಿ ನಾವು ಜ್ಯೋತಿಷಿಗೆ ಭವಿಷ್ಯ, ಹವಾಮಾನಕ್ಕೆ ಮುನ್ಸೂಚನೆ ಅಂತ ಬೇರೆ ಮಾಡಿ ಹೇಳ್ತೀವಲ್ಲ, ಅದೇ ವ್ಯತ್ಯಾಸ. ಅಳತೆಯಿಂದ, ಲೆಕ್ಕದಿಂದ ಬಂದ ಅಭಿಪ್ರಾಯ, ತಪ್ಪಾಗಲೂಬಹುದು ಅಂತ ಅವನು ಮತ್ತೆ ಮತ್ತೆ ಬರೆದ. ಆದರೆ ಪೇಪರಿನಲ್ಲಿ ಅಚ್ಚಾಗಿದ್ದು ಆ ನಾಲ್ಕೈದು ಪದ ಮಾತ್ರ. ಓದಿದವರಿಗೆ ಅದು ಗ್ಯಾರಂಟಿ ತರ ಕಂಡಿತು.

ಮೊದಮೊದಲು ಜನ ಖುಷಿಪಟ್ಟರು. ವಿಕ್ಟೋರಿಯಾ ರಾಣಿ ಕೂಡ ಸಮುದ್ರ ದಾಟೋ ಮುಂಚೆ ಇವನ ಹತ್ತಿರ ಹವಾಮಾನ ಕೇಳಿಸಿದ್ದುಂಟು. ಆಮೇಲೆ ಮಳೆ ಇಲ್ಲ ಅಂದ ದಿನ ಮಳೆ ಬಂತು. ಅಚ್ಚು ಮಾಡಿದ ಪತ್ರಿಕೆಯೇ ಗೇಲಿ ಮಾಡಿತು. ಕೋನ್ ಏರಿದ ದಿನ ಮೀನುಗಾರರು ಕಡಲಿಗೆ ಇಳಿಯಲ್ಲ ಅಂತ ದೋಣಿ ಮಾಲೀಕರು ಸಿಟ್ಟಾದರು, ಅವರ ದುಡಿಮೆ ನಿಲ್ತಿತ್ತಲ್ಲ. ತಂತಿ ಖರ್ಚು ದಂಡ ಅಂತ ಪಾರ್ಲಿಮೆಂಟಿನಲ್ಲಿ ಮಾತು ಬಂತು. ಸಿದ್ಧಾಂತ ಇಲ್ಲದೆ ಅಂದಾಜಿನ ಮೇಲೆ ಹೇಳ್ತಾನೆ ಅಂತ ವಿಜ್ಞಾನಿಗಳು ಮೂಗು ಮುರಿದರು. ಅವರ ಮಾತಿನಲ್ಲೂ ಸ್ವಲ್ಪ ನಿಜ ಇತ್ತು. ವಾತಾವರಣದ ಸಮೀಕರಣ ಬಿಡಿಸೋ ಕಂಪ್ಯೂಟರ್ ಬರೋದಕ್ಕೆ ಇನ್ನೂ ಎಂಬತ್ತು ವರ್ಷಕ್ಕೂ ಮೇಲಿತ್ತು. ಫಿಟ್ಜ್‌ರಾಯ್ ಹತ್ತಿರ ಇದ್ದದ್ದು ಹದಿನೈದು ಊರಿನ ಅಂಕಿ, ಒಂದು ಪೆನ್ನು, ಮೂವತ್ತು ವರ್ಷದ ಕಡಲ ಅನುಭವ.

ಪ್ರತಿದಿನ ಊರೆಲ್ಲ ನೋಡೋ ಪರೀಕ್ಷೆ, ಪ್ರತಿದಿನ ರಿಸಲ್ಟ್. ಸರಿಯಾದ ನೂರು ದಿನ ಯಾರಿಗೂ ನೆನಪಿರಲ್ಲ, ತಪ್ಪಿದ ಒಂದು ದಿನ ಎಲ್ಲರಿಗೂ ನೆನಪಿರುತ್ತೆ. ಅವನ ಆರೋಗ್ಯ ಕೆಟ್ಟಿತು, ಕಿವಿ ಮಂದ ಆಯಿತು, ಸ್ವಂತ ಆಸ್ತಿಯೆಲ್ಲ ಸರ್ಕಾರಿ ಕೆಲಸಕ್ಕೇ ಸುರಿದು ಸಾಲ ಆಗಿತ್ತು. ಮನಸ್ಸು ಕುಸಿದಿದ್ದನ್ನು ಹೇಳಿಕೊಳ್ಳೋಕೆ, ಚಿಕಿತ್ಸೆ ತಗೊಳ್ಳೋಕೆ ಆ ಕಾಲದಲ್ಲಿ ದಾರಿಯೇ ಇರಲಿಲ್ಲ. 1865ರ ಏಪ್ರಿಲ್ 30ರಂದು, 59ನೇ ವಯಸ್ಸಿನಲ್ಲಿ, ಫಿಟ್ಜ್‌ರಾಯ್ ತನ್ನ ಜೀವವನ್ನು ತಾನೇ ತೆಗೆದುಕೊಂಡ. ಸಾಲ ತೀರಿಸೋಕೆ, ಹೆಂಡತಿ ಮಕ್ಕಳಿಗೆ ನೆರವಾಗೋಕೆ ಗೆಳೆಯರು ಹಣ ಕೂಡಿಸಿದರು. ಅದಕ್ಕೆ ಕೊಟ್ಟವರಲ್ಲಿ ಡಾರ್ವಿನ್ ಕೂಡ ಒಬ್ಬ.

ಅವನು ಹೋದ ಮೇಲೆ ಒಂದು ಸಮಿತಿ ಕೂತು, ಮುನ್ಸೂಚನೆಗೆ ವಿಜ್ಞಾನದ ಆಧಾರ ಇಲ್ಲ ಅಂತ ವರದಿ ಕೊಟ್ಟಿತು. 1866ರ ಡಿಸೆಂಬರ್‌ನಲ್ಲಿ ಬಿರುಗಾಳಿ ಎಚ್ಚರಿಕೆಯನ್ನೂ ನಿಲ್ಲಿಸಿಬಿಟ್ಟರು. ಆಗ ಗಲಾಟೆ ಮಾಡಿದವರು ಯಾರು ಗೊತ್ತಾ? ಕರಾವಳಿಯ ಜನ. ವಿಜ್ಞಾನಿಗಳು ಬೇಡ ಅಂದ ಕೋನ್ ಕಡಲಿಗೆ ಇಳಿಯೋರಿಗೆ ಬೇಕಿತ್ತು. ಎಲ್ಲಾ ಸಲ ಸರಿ ಇಲ್ಲದಿದ್ರೂ ಜೀವ ಉಳಿಸಿದ್ದು ಅವರಿಗೆ ಗೊತ್ತಿತ್ತು. ಒತ್ತಡಕ್ಕೆ ಮಣಿದು ಸ್ವಲ್ಪ ಕಾಲದಲ್ಲೇ ಎಚ್ಚರಿಕೆ ವಾಪಸ್ ಬಂತು. ದಿನದ ಮುನ್ಸೂಚನೆ ಪತ್ರಿಕೆಗಳಿಗೆ ಮರಳೋಕೆ ಮಾತ್ರ 1879ರವರೆಗೆ ಕಾಯಬೇಕಾಯಿತು.

ಆಮೇಲಿನದ್ದು ನಮಗೆ ಹತ್ತಿರದ ಕಥೆ. 1875ರಲ್ಲಿ ಭಾರತದ ಹವಾಮಾನ ಇಲಾಖೆ ಶುರುವಾಯಿತು. 1954ರ ಜನವರಿ 11ರಂದು ಜಾರ್ಜ್ ಕೌಲಿಂಗ್ ಎಂಬ ಹವಾಮಾನ ತಜ್ಞ ಬಿಬಿಸಿ ಟಿವಿಯಲ್ಲಿ ಮ್ಯಾಪ್ ಮುಂದೆ ನಿಂತು ಮಾತಾಡಿದ. ಅಲ್ಲಿಯವರೆಗೆ ಬರೀ ಮ್ಯಾಪ್, ಹಿಂದಿನಿಂದ ಧ್ವನಿ. ನಾಳೆ ಗಾಳಿ ಇರುತ್ತೆ ಅನ್ನೋದನ್ನ ಅವನು ಬಟ್ಟೆ ಒಣಗಿಸೋಕೆ ಒಳ್ಳೇ ದಿನ ಅಂತ ಹೇಳಿದನಂತೆ. ಅಂಕಿ ಅಂಶ ಬಟ್ಟೆ ಒಣಗೋ ಹಗ್ಗದ ತನಕ ಬಂತು. 1975ರಲ್ಲಿ ಬಿಬಿಸಿಗೆ ಮೋಡ, ಹನಿ, ಸೂರ್ಯನ ಸರಳ ಚಿತ್ರಗಳು ಬಂದವು. ಮಾಡಿದವನು ಮಾರ್ಕ್ ಅಲೆನ್, ಆಗ ಆರ್ಟ್ ಕಾಲೇಜಿನ ವಿದ್ಯಾರ್ಥಿ. ಕಪ್ಪು ಕೋನ್ ಮಾಡ್ತಿದ್ದ ಕೆಲಸವನ್ನೇ ಆ ಪುಟ್ಟ ಮೋಡ ಮಾಡಿತು.

ಇದೆಲ್ಲ ನಮಗ್ಯಾಕೆ ಅಂತೀರಾ? ನವೆಂಬರ್, ಡಿಸೆಂಬರ್‌ನಲ್ಲಿ ಸಿರುಗುಪ್ಪ ಕಡೆ ಹೋಗಿ ನೋಡ್ರಿ. ತುಂಗಭದ್ರಾ ಕಾಲುವೆ ನೀರಿನಲ್ಲಿ ಬೆಳೆದ ನೆಲ್ಲು ಕೊಯ್ದು ರಸ್ತೆ ಪಕ್ಕ ರಾಶಿ ಹರಡಿರ್ತಾರೆ. ಅದಾದ ಮೇಲೆ ಕುರುಗೋಡು ಕಡೆ ಮೆಣಸಿನಕಾಯಿ ಒಣಗೋ ಕಾಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಮೋಡ ಈ ಕಡೆ ತಿರುಗಿದ್ರೆ ಆರು ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ನೆನೆಯುತ್ತೆ. ಆ ರೈತನಿಗೆ ಬೇಕಿರೋದು ಒಂದೇ ಪ್ರಶ್ನೆಗೆ ಉತ್ತರ: ಇವತ್ತು ರಾತ್ರಿ ತಾಡಪತ್ರಿ ಹೊದಿಸಬೇಕಾ, ಬೇಡವಾ? ಈಗ ಸ್ಯಾಟಲೈಟ್ ಇದೆ, ಸೂಪರ್ ಕಂಪ್ಯೂಟರ್ ಇದೆ, 64.5 ಮಿ.ಮೀ. ದಾಟಿದ್ರೆ ಭಾರಿ ಮಳೆ, 204.4 ದಾಟಿದ್ರೆ ಅತ್ಯಂತ ಭಾರಿ ಮಳೆ ಅಂತ ಅಳತೆ ಇದೆ. ಆದರೆ ಟಿವಿಯಲ್ಲಿ ಕೆಲವು ಸಲ ಗ್ರಾಫಿಕ್ಸ್ ಅಬ್ಬರ, ಗುಡುಗಿನ ಸೌಂಡು, ಕೆಂಪು ಅಕ್ಷರ ಎಲ್ಲಾ ಬಂದು, ಯಾವ ತಾಲೂಕಿಗೆ, ಯಾವ ಹೊತ್ತಿಗೆ ಅನ್ನೋದು ಮಾತ್ರ ಬರಲ್ಲ. ದಿನಾ ಹೆದರಿಸಿದ್ರೆ ನಿಜವಾಗಿ ಹೆದರಬೇಕಾದ ದಿನ ಯಾರೂ ಕೇಳಲ್ಲ. ಫಿಟ್ಜ್‌ರಾಯ್ ಡ್ರಮ್ ಮತ್ತು ಕೋನ್ ಎರಡನ್ನೂ ಒಟ್ಟಿಗೆ ಏರಿಸೋದನ್ನ ಭಾರಿ ಅಪಾಯಕ್ಕೆ ಅಂತಲೇ ಎತ್ತಿಟ್ಟಿದ್ದ.

ಬ್ರಿಟನ್ನಿನ ರೇಡಿಯೋದಲ್ಲಿ ಹಡಗಿನವರಿಗಾಗಿ ಸಮುದ್ರವನ್ನು ಭಾಗ ಭಾಗ ಮಾಡಿ ಪ್ರತಿದಿನ ಹವಾಮಾನ ಓದ್ತಾರೆ. 2002ರ ಫೆಬ್ರವರಿಯಲ್ಲಿ ಅದರಲ್ಲಿ ಫಿನಿಸ್ಟರ್ ಎಂಬ ಭಾಗದ ಹೆಸರು ಬದಲಾಯಿಸಿ ಫಿಟ್ಜ್‌ರಾಯ್ ಅಂತ ಇಟ್ಟರು. ಆ ಪಟ್ಟಿಯಲ್ಲಿ ಒಬ್ಬ ಮನುಷ್ಯನ ಹೆಸರು ಹೊತ್ತ ಭಾಗ ಅದೊಂದೇ. ಯಾವ ಮುನ್ಸೂಚನೆಗಾಗಿ ಜನ ಅವನನ್ನು ನಗೆಪಾಟಲು ಮಾಡಿದರೋ, ಅದರಲ್ಲೇ ಈಗ ದಿನಾ ಅವನ ಹೆಸರು ಓದ್ತಾರೆ.

ನಮ್ಮ ರಾಜ್ಯದಲ್ಲೂ ರೈತರು ಫೋನ್ ಮಾಡಿ ಮಳೆ ವಿಷಯ ಕೇಳೋಕೆ ವರುಣಮಿತ್ರ ಸಹಾಯವಾಣಿ ಇದೆ. ಡೇಟಾ ಇದೆ, ಫೋನ್ ಇದೆ. ಊರಿನ ಕಟ್ಟೆಯ ಹತ್ತಿರ ಎಲ್ಲರಿಗೂ ಕಾಣೋ ಹಾಗೆ ಏರಿಸೋ ಕೋನ್ ಇನ್ನೂ ಬಂದಿಲ್ಲ. ಫೈನಲ್ ಇಯರ್‌ಗೆ ಪ್ರಾಜೆಕ್ಟ್ ಟಾಪಿಕ್ ಹುಡುಕ್ತಿರೋರು ಯಾರಾದ್ರೂ ಇದ್ರೆ, ಸಿರುಗುಪ್ಪ ಬಸ್ಸು ಹತ್ತಿ ಒಂದು ಸಲ ನೆಲ್ಲಿನ ರಾಶಿ ನೋಡಿ ಬನ್ನಿ.